ಡೀಸೆಂಟಾಗಿ ಉಂಡದ್ದು

ನಿಮ್ಮ ತಾತನಿಗೆ ಇಂಗ್ಲಿಷಿನಲ್ಲಿ ಪ್ರಾಣಕ್ಕಿಂತ ಹೆಚ್ಚಾದ ಮಾತು ಒಂದೇ: ಡೀಸೆಂಟ್. ಸಾವಿರದ ಒಂಬೈನೂರ ಅರವತ್ತರ ಸುಮಾರಿನಲ್ಲಿ, ಹೊಳೆನರಸೀಪುರದಲ್ಲಿ ಗುಮಾಸ್ತರಾದ ಮೇಲೆ ಅದು ಅವರ ನಾಲಿಗೆಗೆ ಹತ್ತಿತಂತೆ. ಒದೆಯದ ಹಸು ಡೀಸೆಂಟ್, ಬೈಯದ ಡಾಕ್ಟರು ಡೀಸೆಂಟ್, ಕುಲುಕಾಡದೆ ಹಾಸನ ಮುಟ್ಟಿಸುವ ಬಸ್ಸೂ ಡೀಸೆಂಟ್. ಕೊಣನೂರಿನ ಹತ್ತಿರದ ಹಳ್ಳಿಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದ ನಾನು, ಅರ್ಥ ಕೇಳಲು ನಾಚಿ, ಇವನ್ನೆಲ್ಲ ಕೂಡಿಸಿ ನನ್ನದೇ ಅರ್ಥ ಕಟ್ಟಿಕೊಂಡೆ: ಯಾರಿಗೂ ತೊಂದರೆ ಕೊಡದೆ ತೆಪ್ಪಗಿರುವುದು. ಅದು ನನಗೆ ಹುಟ್ಟಿನಿಂದಲೇ ಬಂದಿತ್ತು. ಆದರೂ ಮದುವೆಯಾಗಿ ತಿಂಗಳುಗಳಾದರೂ ನನ್ನನ್ನು ಮಾತ್ರ ಅವರು ಡೀಸೆಂಟ್ ಅಂದಿರಲಿಲ್ಲ. ಹಸುವಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಕೊರಗು.

ಹಾಸನದಲ್ಲಿದ್ದ ಅವರ ಸಾಹೇಬರು ಹೊಸ ಜೋಡಿಯೆಂದು ನಮ್ಮನ್ನು ಊಟಕ್ಕೆ ಕರೆದರು. ಇವತ್ತು ಡೀಸೆಂಟ್ ಅನ್ನಿಸಿಕೊಂಡೇ ಬರಬೇಕು ಅಂದುಕೊಂಡು ಹೊರಟೆ. ಸಾಹೇಬರ ಹೆಂಡತಿ ಒಬ್ಬಟ್ಟು ಹಿಡಿದು ಬಂದರು.

“ಇನ್ನೊಂದು ಹಾಕ್ಲೇನಮ್ಮ?”

“ಸಾಕು.”

ನಮ್ಮ ಕಡೆ ಸಾಕು ಅಂದರೆ ಊಟ ಶುರುವಾಯಿತು ಅಂತ. ಆಮೇಲೆ ಬಡಿಸುವವರು, “ಅದೆಂಗ್ ಸಾಕಾಯ್ತದೆ, ಸುಮ್ಕೆ ಉಣ್ಣವ್ವ” ಎಂದು ಗದರಬೇಕು. ನಾವು ಎಲೆಗೆ ಎರಡೂ ಕೈ ಅಡ್ಡ ಹಿಡಿಯಬೇಕು. ಕೈಸಂದಿಯಲ್ಲೇ ಇನ್ನೆರಡು ಬೀಳಬೇಕು. ಆದರೆ ಆಯಮ್ಮ “ಸರಿ ಬಿಡಮ್ಮ” ಎಂದು ಹೋಗಿಯೇಬಿಟ್ಟರು. ಅಡ್ಡ ಹಿಡಿಯಲು ಎತ್ತಿದ ಕೈ ಹಾಗೇ ಉಳಿಯಿತು. ಅನ್ನದ್ದೂ ಅದೇ ಗತಿ.

ಬಸ್ ಸ್ಟ್ಯಾಂಡಿಗೆ ನಡೆಯುತ್ತ ನಿಮ್ಮ ತಾತ ಮೀಸೆ ತೀಡಿಕೊಂಡರು. “ಬೋ ಡೀಸೆಂಟಾಗಿದ್ದೆ ಕಣೆ ಇವತ್ತು.”

ಕಾದು ಕಾದು ಬಂದ ಮಾತು. ಹಿಗ್ಗಬೇಕಾದ ನನಗೆ ಅಳು ಬಂತು.

“ಯಾಕಮ್ಮಿ, ಏನಾಯ್ತು?”

“ಒಟ್ಟೆ ಅಸೀತೈತೆ.”

ಅವರು ನಿಂತರು. “ಮತ್ತೆ ಸಾಕು ಸಾಕು ಅಂದ್ಯಲ್ಲೇ!”

“ನೀವೂ ಅಂದ್ರಿ.”

ತಾತ ಯಾರಾದರೂ ಕೇಳಿಸಿಕೊಂಡಾರೆಂದು ಆಚೀಚೆ ನೋಡಿದರು. “ನಂಗೂ ಅಸಿವೇ ಕಣೆ. ಇನ್ನೊಂದ್ಸಲ ಕೇಳ್ತಾರೆ ಅಂತ ಕೂತಿದ್ದೆ. ಆವಮ್ಮ ತಿರುಗೂ ನೋಡ್ಲಿಲ್ಲ.”

ಅವರೆದುರು ಮೊದಲ ಸಲ ನಾನು ಬಾಯಿಬಿಟ್ಟು ನಕ್ಕೆ. ಇಬ್ಬರೂ ಸ್ಟ್ಯಾಂಡಿನ ಎದುರಿದ್ದ ಹೋಟೆಲಿಗೆ ನುಗ್ಗಿ ಇಡ್ಲಿ ತರಿಸಿದೆವು. ತಟ್ಟೆ ಖಾಲಿಯಾಗುವ ಹೊತ್ತಿಗೆ ಸಪ್ಲೈಯರು ಬಂದು, “ಇನ್ನೇನಾದ್ರೂ ಬೇಕಾ?” ಅಂದ.

“ಬೇಕು. ಇನ್ನೆರಡು ಇಡ್ಲಿ ತತ್ತಾ, ಚಟ್ನಿ ಜಾಸ್ತಿ ಆಕು” ಅಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ನಿಮ್ಮ ತಾತ ತಲೆ ತಗ್ಗಿಸಿದರು. ತಮ್ಮ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, “ನಂಗೂ ಆಕ್ಸೆ” ಎಂದು ಪಿಸುಗುಟ್ಟಿದರು.