ಕೆರೆಯ ಸುತ್ತ ಒಂದು ಚರಗ

ಕಳೆದ ಭಾನುವಾರ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಒಂದು ಕಬ್ಬಿಣದ ಕಂಬ ಮಲಗಿತ್ತು. ಬುಡದಲ್ಲಿ ಕಾಂಕ್ರೀಟಿನ ಗಡ್ಡೆ, ಮೈಮೇಲೆ ಹಳದಿ ಕಪ್ಪು ಪಟ್ಟೆ. ನಾನು ಬಗ್ಗಿ ಅದನ್ನು ಮುಟ್ಟಿದೆ. ಬೆರಳಿಗೆ ತುಕ್ಕಿನ ವಾಸನೆ ಹತ್ತಿತು. ಕಂಬವೊಂದನ್ನು ನೋಡಿ ಯಾರಾದರೂ ಇಷ್ಟು ಸಂತೋಷಪಡುತ್ತಾರೆಯೇ ಎಂದು ನೀವು ಕೇಳಬಹುದು. ಇದರ ಮೇಲೆ ನನಗೆ ಹಳೆಯ ಸಿಟ್ಟಿತ್ತು. ಸಿಟ್ಟಿನ ಕಥೆ ಹೇಳಬೇಕಾದರೆ ಕಾಕು ಅವರಿಂದಲೇ ಶುರುಮಾಡಬೇಕು.

ಕಾಕು ನನ್ನ ಮನೆಯೊಡತಿ. ಪುಣೆಗೆ ಬಂದಂದಿನಿಂದ ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದೇನೆ. ಅವರ ಯಜಮಾನರು, ನಾನು ಕಾಕಾ ಎನ್ನುವವರು, ಚಾಕಣದ ಕಾರ್ಖಾನೆಗಳಿಗೆ ನಟ್ಟು ಬೋಲ್ಟು ಪೂರೈಸುವ ವ್ಯಾಪಾರಿ. ಇಬ್ಬರೂ ಕಲಬುರಗಿ ಕಡೆಯವರು. ನಾನು ತುಮಕೂರಿನವಳು. ಮೊದಲ ತಿಂಗಳು ನಮ್ಮ ಕನ್ನಡಗಳು ಒಂದನ್ನೊಂದು ದೂರದ ನೆಂಟರಂತೆ ನೋಡಿಕೊಂಡವು. ಆಮೇಲೆ ರೊಟ್ಟಿ ಮಧ್ಯಸ್ಥಿಕೆ ವಹಿಸಿತು.

ಈ ಊರಿನಲ್ಲಿ ಭಾನುವಾರ ಬಂತೆಂದರೆ ನನ್ನ ವಯಸ್ಸಿನವರೆಲ್ಲ ಬೆನ್ನಿಗೆ ಚೀಲ ಏರಿಸಿ ಕೋಟೆ ಹತ್ತುತ್ತಾರೆ. ನನಗೆ ಎತ್ತರವೂ ಆಗದು, ಗುಂಪೂ ಆಗದು. ನಮ್ಮ ಬಡಾವಣೆಯ ಉತ್ತರಕ್ಕಿರುವ ಕೆರೆಯನ್ನು ಒಂದು ಸುತ್ತು ಹಾಕಿ ಬರುವುದೇ ನನ್ನ ಪರ್ವತಾರೋಹಣ. ದಾರಿ ಸಮತಟ್ಟು, ಅಲ್ಲಲ್ಲಿ ಬೆಂಚು, ಜಾಲಿಮರದ ನೆರಳು. ಅಜ್ಜಂದಿರು, ಮೂರು ಚಕ್ರದ ಸೈಕಲ್ಲಿನ ಮಕ್ಕಳು ಮತ್ತು ನಾನು.

ಕಾಕುಗೆ ಪಾರ್ಶ್ವವಾಯು ಬಡಿದದ್ದು ನಾನು ಬಂದ ಮರುವರ್ಷ. ಮಾತು ಬೇಗ ಮರಳಿತು. ಎಡಗಾಲು ಮರಳಲಿಲ್ಲ. ಗಾಲಿಕುರ್ಚಿ ಬಂತು. ಅವರನ್ನು ಎತ್ತಿ ಕೂರಿಸುವವರು, ಎತ್ತಿ ಮಲಗಿಸುವವರು, ಎತ್ತಿ ಕಾರಿಗೆ ಹಾಕುವವರು ಬಂದರು. ಕಾಕು ಕ್ರಮೇಣ ಹೊರಗೆ ಹೋಗುವುದನ್ನೇ ಬಿಟ್ಟರು. ಯಾರಾದರೂ ಕರೆದರೆ, "ಮನ್ಯಾಗ ಏನ್ ಕಮ್ಮಿ ಅದ?" ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಒಂದು ಸಂಜೆ ಅವರು ಎಳ್ಳು ಹುರಿಯುತ್ತ ಎಳ್ಳಮಾವಾಸ್ಯೆಯ ಮಾತು ತೆಗೆದರು. ನಮ್ಮ ಕಡೆ ಇಲ್ಲದ ಹಬ್ಬ ಅದು. ಬೆಳೆ ನಿಂತ ಹೊಲಕ್ಕೆ ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೋಗುತ್ತಾರಂತೆ. ಸಜ್ಜೆ ಕಡಬು, ಕಾಳು ಸೊಪ್ಪಿನ ಭಜ್ಜಿ, ಶೇಂಗಾ ಹೋಳಿಗೆ. ತಾವು ಉಣ್ಣುವ ಮೊದಲು ಭೂಮಿಗೆ ಉಣಿಸಬೇಕು. ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹೊಲದ ಸುತ್ತ ಅನ್ನ ಚೆಲ್ಲುತ್ತಾರೆ. ಹಿಂದಿನವರು "ಸಲಾಂಬ್ರಿಗೋ" ಎಂದು ಓಗೊಟ್ಟು ನೀರು ಚಿಮುಕಿಸುತ್ತಾರೆ. ಅದು ಚರಗ. ಮದುವೆಯಾದಾಗಿನಿಂದ ಕಾಕು ಪ್ರತಿ ವರ್ಷ ಊರಿಗೆ ಹೋಗಿ ಚರಗ ಚೆಲ್ಲಿ ಬಂದವರು.

"ಈ ಸಲ ಹೋಗಲ್ವಾ?" ಎಂದೆ.

"ಎರಿ ಮಣ್ಣಿನ ಹೊಲದಾಗ ಗಾಲಿ ನಡೀತಾವೇನವ್ವಾ? ಹೂತು ಕುಂದರ್ತಾವ, ನನ್ನಂಗ."

ನಾನು ಸಾಮಾನ್ಯವಾಗಿ ಯೋಚಿಸದೆ ಮಾತಾಡುವವಳಲ್ಲ. ಅಂದು ಬಾಯಿ ತಪ್ಪಿತು. "ಕೆರೆ ಸುತ್ತ ಗಟ್ಟಿ ದಾರಿ ಇದೆ ಕಾಕು. ಅಲ್ಲಿಗೆ ಹೋಗೋಣ."

ಎಳ್ಳು ಹುರಿಯುವ ಕೈ ನಿಂತಿತು. "ಪೂರಾ ಸುತ್ತ ಅದ?"

"ಇದೆ."

"ನೋಡು ತಂಗಿ, ಅರ್ಧಕ್ಕ ನಿಂತದ್ದು ಚರಗ ಅಲ್ಲ. ಪೂರಾ ಸುತ್ತು ಆಗೂದಿದ್ರ ಬರ್ತೀನಿ. ಅರ್ಧದಾಗ ಹೊಳ್ಳಿ ಬರೂದಾದ್ರ, ಇನ್ನ ಮ್ಯಾಲ ನನ್ನ ಎಲ್ಲಿಗೂ ಕರೀಬ್ಯಾಡ್ರಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕಾ ನನ್ನನ್ನು ನೋಡಿದರು. ಆ ನೋಟದಲ್ಲಿ ಬೇಡಿಕೆಯೂ ಇತ್ತು, ಎಚ್ಚರಿಕೆಯೂ ಇತ್ತು.

ಕಚೇರಿಯಲ್ಲಿ ನನ್ನ ಕೆಲಸ ಸಾಫ್ಟ್‌ವೇರ್ ಪರೀಕ್ಷಿಸುವುದು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ದಾರಿಯನ್ನೂ ಪರೀಕ್ಷಿಸಿಯೇ ತೀರಬೇಕೆಂದುಕೊಂಡೆ. ಪಕ್ಕದ ಮನೆಯಲ್ಲಿ ಮಗು ಬೆಳೆದ ಮೇಲೆ ಮೂಲೆ ಸೇರಿದ್ದ ಅದರ ತಳ್ಳುಗಾಡಿಯನ್ನು ಕೇಳಿ ತಂದೆ. ಚಕ್ರ ಅಂದರೆ ಚಕ್ರ ತಾನೆ? ಬೆಳಗಿನ ಚಳಿಯಲ್ಲಿ ಖಾಲಿ ಗಾಡಿ ತಳ್ಳುತ್ತ ಕೆರೆಯ ಸುತ್ತ ಹೊರಟೆ. ಉಬ್ಬು ತಗ್ಗುಗಳನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೆ. ಕೆರೆಯ ಆಚೆ ಬದಿಯಲ್ಲಿ ಬೈಕುಗಳು ನುಗ್ಗದಿರಲೆಂದು ಎರಡು ಕಂಬ ನೆಟ್ಟಿದ್ದರು. ಗಾಡಿ ಅವುಗಳ ನಡುವೆ ಬೆಣ್ಣೆಯಂತೆ ದಾಟಿತು. ಎದುರಿಗೆ ಬಂದ ಮರಾಠಿ ಅಜ್ಜಿಯೊಬ್ಬರು ಅಕ್ಕರೆಯಿಂದ ಗಾಡಿಯೊಳಗೆ ಇಣುಕಿ, "ಬಾಳ ಕುಠೆ ಆಹೆ?" ಎಂದರು. ಮಗು ಎಲ್ಲಿ? ಗಾಬರಿಯಲ್ಲಿ "ಘರೀ" ಎಂದೆ, ಮನೆಯಲ್ಲಿದೆ ಎಂದು. ಇಂದಿಗೂ ಸಿಕ್ಕಾಗಲೆಲ್ಲ ಅವರು ಮಗುವಿನ ಆರೋಗ್ಯ ವಿಚಾರಿಸುತ್ತಾರೆ. ಚೆನ್ನಾಗಿದೆ ಎನ್ನುತ್ತೇನೆ.

ಅಮಾವಾಸ್ಯೆಯ ದಿನ ರಜೆ ಹಾಕಿದೆ. ಕಾಕು ಇಳಕಲ್ ಸೀರೆ ಉಟ್ಟು ತೊಡೆಯ ಮೇಲೆ ಚರಗದ ಪಾತ್ರೆ ಇಟ್ಟುಕೊಂಡರು. ಕಾಕಾ ಕುರ್ಚಿ ತಳ್ಳಿದರು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ. ಗೇಟಿನಲ್ಲಿ ಹಕ್ಕಿಗಳಿಗೆ ತಿನಿಸು ಹಾಕಬಾರದೆಂಬ ಫಲಕವಿತ್ತು. ಮೆಲ್ಲಗೆ ತೋರಿಸಿದೆ.

"ನಾ ಇರವಿಗೆ ಹಾಕಾಕಿ. ಇರವಿಗೆ ಬೋರ್ಡ್ ಓದಾಕ ಬರೂದಿಲ್ಲ," ಎಂದು ಚಿಟಿಕೆಯಷ್ಟೇ ಪುಡಿ ಉದುರಿಸಿ, ಕಾಕು ಕೂಗಿದರು: "ಹುಲ್ಲುಲ್ಲಿಗೋ!"

ಓಗೊಡುವ ಸರದಿ ನನ್ನದು. ಗಂಟಲಲ್ಲೇ ಗೊಣಗಿದೆ.

"ಏನವ್ವಾ, ಪರೀಕ್ಷಾದಾಗ ಮಗ್ಗಲಿನಾಕಿಗೆ ಉತ್ತರಾ ಹೇಳಾಕತ್ತೀಯೇನು? ಭೂಮಿಗಿ ಕೇಳಬೇಕು!"

ಜಾಗಿಂಗ್ ಮಾಡುವವರು ತಿರುಗಿ ನೋಡಿದರು. ನನ್ನ ದನಿ ಇನ್ನೂ ಒಳಗೆ ಸರಿಯಿತು. ಕೊನೆಗೆ ಕಾಕು ತಾವೇ ಕೂಗಿ ತಾವೇ ಓಗೊಟ್ಟುಕೊಂಡರು. ಆದರೆ ಅವರ ಮುಖ! ವರ್ಷವಿಡೀ ಕಾಣದ ಬಣ್ಣ ಅದರಲ್ಲಿತ್ತು. ನೀರಕೋಳಿ ಕಂಡರೆ, "ನೋಡ್ರಿ, ನಿಮ್ಮ ತಂಗಿ ಹಂಗ ನಡೀತದ," ಎಂದು ಕಾಕಾರನ್ನು ಕೆಣಕಿದರು.

ಆಮೇಲೆ ಕಂಬಗಳು ಬಂದವು. ಕುರ್ಚಿ ಸಿಕ್ಕಿಕೊಂಡಿತು. ಮಗುವಿನ ಗಾಡಿಗಿಂತ ದೊಡ್ಡವರ ಕುರ್ಚಿ ಅಗಲವಿರುತ್ತದೆ ಎಂಬುದು, ತಪ್ಪು ಹುಡುಕುವುದೇ ವೃತ್ತಿಯಾದ ನನಗೆ ಹೊಳೆದಿರಲಿಲ್ಲ. ಕಾಕಾ ಹಿಂದೆ ಮುಂದೆ ಮಾಡಿದರು. ಗಾಲಿಯ ಹೊರಬಳೆ ಕಬ್ಬಿಣಕ್ಕೆ ಉಜ್ಜಿ ಕಿರುಗುಟ್ಟಿತು. ಒಂದು ಬದಿ ಕೆರೆ, ಇನ್ನೊಂದು ಬದಿ ಬೇಲಿ; ಬಳಸಿ ಹೋಗಲು ಜಾಗವಿರಲಿಲ್ಲ.

ಓಡುತ್ತಿದ್ದ ಇಬ್ಬರು ಯುವಕರು ನಿಂತು, ಅಜ್ಜಿಯನ್ನು ಎತ್ತಿ ದಾಟಿಸುತ್ತೇವೆ ಎಂದರು.

"ಎತ್ತಲಿ ಬಿಡು, ಒಂದ್ ನಿಮಿಷದ ಮಾತು," ಎಂದರು ಕಾಕಾ.

"ಬ್ಯಾಡ್ರಿ. ನಾ ಏನ್ ಗೋಣಿಚೀಲ ಅದೀನೇನು, ಎತ್ತಿ ಆಚೀಕ ಇಡಾಕ?"

ಯುವಕರು ಮುಜುಗರದಿಂದ ಹೊರಟುಹೋದರು. ಕಾಕು ಪಾತ್ರೆಯೊಳಗೆ ನೋಡುತ್ತ ಕುಳಿತರು. ಅರ್ಧ ಅಡುಗೆ ಅದರಲ್ಲೇ ಉಳಿದಿತ್ತು. ಇನ್ನು ಇವರು ಹೊಸ್ತಿಲು ದಾಟುವುದಿಲ್ಲ ಎಂದುಕೊಂಡೆ.

ಕಾಕು ತಲೆಯೆತ್ತಿದರು. "ಈ ದಾರಿ ಆ ಕಡಿಂದನೂ ಗೇಟಿಗೇ ಹೋಗ್ತದಲ್ಲ?"

"ಹೂಂ."

ಅವರು ಪಾತ್ರೆಯಿಂದ ದೊಡ್ಡ ಹಿಡಿಯೊಂದನ್ನು ತೆಗೆದು, ಗಟ್ಟಿ ಬಲಗೈಯನ್ನು ಹಿಂದಕ್ಕೆಳೆದು, ಕಂಬಗಳ ನಡುವಿನಿಂದ ಆಚೆಗೆ ಬೀಸಿ ಎಸೆದರು. ಕಡಬಿನ ತುಣುಕುಗಳು ಅತ್ತ ಕಡೆಯ ಮಣ್ಣಲ್ಲಿ ಬಿದ್ದವು.

"ಹೊಳ್ಳಿಸ್ರಿ ಕುರ್ಚಿ. ಈಗ ಆ ಕಡಿಂದ ಬರೂಣು, ಅಲ್ಲೀಮಟ."

"ಅದು ಎಡಸುತ್ತು ಆಗ್ತದಲ್ಲ," ಎಂದು ಕಾಕಾ ಧರ್ಮಸೂಕ್ಷ್ಮ ತೆಗೆದರು.

"ಭೂಮಿಗಿ ಎಡಾ ಯಾವುದ್ರಿ, ಬಲಾ ಯಾವುದು? ಅದರ ಹೊಟ್ಟಿ ತುಂಬಿದ್ರ ಸಾಕು. ನಡೀರಿ."

ನಡೆದೆವು. ಬಂದ ದಾರಿಯಲ್ಲೇ ಗೇಟಿಗೆ, ಗೇಟಿನಿಂದ ಇನ್ನೊಂದು ಬದಿಗೆ. ಬಿಸಿಲು ಏರಿತು. ಕಾಕಾ ಏದುಸಿರು ಬಿಡತೊಡಗಿದಾಗ ತಂಬಿಗೆಯನ್ನು ಅವರಿಗೆ ಕೊಟ್ಟು ಕುರ್ಚಿಯನ್ನು ನಾನು ತಳ್ಳಿದೆ. ಕಂಬಗಳು ಮತ್ತೆ ಕಂಡವು, ಈ ಸಲ ಎದುರು ಮುಖದಿಂದ. ಕಾಕು ಎಸೆದಿದ್ದ ಹಿಡಿಗೆ ಇರುವೆಗಳು ಆಗಲೇ ಮುತ್ತಿದ್ದವು. ಅವರು ಬಾಗಿ ಕೊನೆಯ ತುತ್ತನ್ನು ಅದರ ಪಕ್ಕದಲ್ಲೇ ಇಟ್ಟರು.

"ಕೂಡ್ತು ನೋಡು," ಎಂದರು.

ಕಂಬದ ಬುಡದಲ್ಲೇ ಬುತ್ತಿ ಬಿಚ್ಚಿ ಉಂಡೆವು. ಅಂದಿನಿಂದ ಪ್ರತಿ ವರ್ಷವೂ ನಮ್ಮ ಸುತ್ತು ಹೀಗೆಯೇ, ಎರಡು ಅರ್ಧಗಳಲ್ಲಿ. ನಡುವೆ ಕಾಕು ಬಜಾರಿಗೆ ಹೋದರು, ಮದುವೆಗಳಿಗೆ ಹೋದರು, ಜೇಜುರಿ ಗುಡ್ಡದ ಕೆಳಗಿನ ಮೆಟ್ಟಿಲಿನವರೆಗೂ ಹೋಗಿ ಖಂಡೋಬನಿಗೆ ಅಲ್ಲಿಂದಲೇ ಕೈಮುಗಿದು, "ಬೇಕಾದ್ರ ಅವನೇ ಇಳದ ಬರ್ಲಿ," ಎಂದು ಬಂದರು.

ಕಳೆದ ಭಾನುವಾರ, ಮಲಗಿದ್ದ ಆ ಕಂಬದ ಪಕ್ಕದಲ್ಲೇ ನಿಂತು ಫೋನ್ ಮಾಡಿದೆ. "ಕಾಕು, ಒಂದು ಕಂಬ ಕಿತ್ತುಬಿಟ್ಟಿದ್ದಾರೆ. ಈ ಸಲ ಒಂದೇ ಸುತ್ತಿಗೆ ಆಗುತ್ತೆ."



"ಹಂಗಾರ ನೀರು ಒಂದೇ ಸರ್ತಿ ನೋಡೂದು ಬಂತಲ್ಲವ್ವಾ," ಎಂದರು. ಹೋಗುವಾಗೊಮ್ಮೆ ಬರುವಾಗೊಮ್ಮೆ ನೀರು ಕಾಣಲೆಂದೇ ಯಾರೋ ಆ ಕಂಬ ನೆಟ್ಟಿದ್ದರೇನೋ ಎಂಬ ದನಿ. ಆಮೇಲೆ ನಕ್ಕರು. "ಖರೇ ಹೇಳ್ತೀಯೋ, ಮತ್ತ ಆ ಕೂಸಿನ ಗಾಡಿ ತಗೊಂಡು ಹೋಗಿದ್ದೀಯೋ?"

"ಈ ಸಲ ಅಳತೆ ತಗೊಂಡೇ ಹೇಳ್ತಿದೀನಿ."

"ಹಂಗಾರ ನೀ ಮೊದಲ ದಾಟು. ನಾ ಇಲ್ಲಿಂದ ಕೂಗ್ತೀನಿ."

ಬೇಡ ಎನ್ನುವಷ್ಟರಲ್ಲಿ ಫೋನಿನಿಂದ "ಹುಲ್ಲುಲ್ಲಿಗೋ!" ಹೊರಟೇಬಿಟ್ಟಿತು. ನಾನು ಅತ್ತಿತ್ತ ನೋಡಿದೆ. ಮರಾಠಿ ಅಜ್ಜಿ ನನ್ನ ಕಡೆಗೇ ಬರುತ್ತಿದ್ದರು, ಮಗುವನ್ನು ವಿಚಾರಿಸುವ ಮುಖ ಹೊತ್ತು. ಕಂಬವಿದ್ದ ಜಾಗವನ್ನು ದಾಟಿದೆ. ಉಸಿರೆಳೆದುಕೊಂಡು, ಆಚೆ ದಡದ ಕೊಕ್ಕರೆಗಳು ಮೇಲೇಳುವಷ್ಟು ಗಟ್ಟಿಯಾಗಿ ಓಗೊಟ್ಟೆ.