ನಮ್ಮನೆ ದೃಷ್ಟಿಬೊಂಬೆಗೆ ನಂದೇ ಮುಖ

ರೇಡಿಯೇಷನ್ ಮುಗಿದ ದಿನ ಆಸ್ಪತ್ರೆಯವರು ನನ್ನ ಮುಖಾನ ಒಂದು ಕವರಲ್ಲಿ ಹಾಕಿ ಕೊಟ್ಟು ಕಳಿಸಿದ್ರು.

ತಮಾಷೆ ಅಲ್ಲ. ಐದು ವಾರ ತಲೆ ಅಲ್ಲಾಡಬಾರ್ದು ಅಂತ ಮುಖದ ಮೇಲೆ ಹಾಕಿ ಟೇಬಲ್‌ಗೆ ಲಾಕ್ ಮಾಡ್ತಿದ್ದ ಮಾಸ್ಕು ಅದು. ಬಿಳಿ ಪ್ಲಾಸ್ಟಿಕ್ ಜಾಲರಿ, ಬಿಸಿ ಮಾಡಿ ನನ್ನ ಮುಖಕ್ಕೇ ಒತ್ತಿ ಮಾಡಿದ್ದು. ಮೂಗು, ಗಲ್ಲ ಎಲ್ಲಾ ನಂದೇ.

ತಂದು ಟೀವಿ ಪಕ್ಕ ಇಟ್ಟೆ. ಬೆಳಗ್ಗೆ ಎದ್ದು ಅಂಗಳಕ್ಕೆ ಬಂದ್ರೆ, ಸೋಂಪುರದ ಫ್ಯಾಕ್ಟರಿ ಹುಡುಗರಿಗೆ ಬಾಡಿಗೆ ಕೊಡೋಣ ಅಂತ ಮಹಡಿ ಮೇಲೆ ಕಟ್ಟಿಸ್ತಿರೋ ರೂಮಿನ ಮುಂದೆ ನಾನು ನೇತಾಡ್ತಾ ಇದೀನಿ...

ಕಣ್ಣಿಗೆ ಕಾಡಿಗೆ, ಹಣೆಗೆ ಕುಂಕುಮ, ಕೆಂಪು ಪೇಂಟಲ್ಲಿ ನಾಲಿಗೆ. ಪಕ್ಕದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ಎಲ್ಲಾ ನಮ್ಮತ್ತೆ ಕೈಚಳಕ.

ಅಂಗಡೀಲಿ ಸಿಗೋ ಬೊಂಬೆಗಿಂತ ಇದೇ ಚೆನ್ನಾಗಿ ಹೆದರಿಸುತ್ತೆ ಅಂದ್ರಂತೆ ನಮ್ಮೆಜಮಾನ್ರ ಹತ್ರ. ಥ್ಯಾಂಕ್ಸ್ ಅತ್ತೆ, ಸೊಸೆಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ?

ಇದೆಲ್ಲಾ ಶುರುವಾಗಿದ್ದು ಎಡಗಿವೀಲಿ ಗುಂಯ್ ಅನ್ನೋ ಸದ್ದಿಂದ. ದಾಬಸ್‌ಪೇಟೆ ಫ್ಯಾಕ್ಟರೀಲಿ ಪ್ಯಾಕಿಂಗ್ ಕೆಲಸ ನಂದು, ಮಷೀನ್ ಸದ್ದಿಗಿರ್ಬೇಕು ಅಂತ ಸುಮ್ನಿದ್ದೆ. ಸ್ಕ್ಯಾನ್ ಮಾಡಿಸಿದ್ರೆ ಕಿವಿ ನರದ ಮೇಲೆ ಗಡ್ಡೆ. ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯೋದು, ಆದ್ರೆ ತೆಗೀಲೇಬೇಕು ಅಂದ್ರು. ಡೇಟೂ ಕೊಟ್ರು.

ಅತ್ತೆ ಕ್ಯಾಲೆಂಡರ್ ನೋಡಿದ್ರು. ಆಷಾಢದಲ್ಲಿ ಯಾರಾದ್ರೂ ತಲೆಗೆ ಕತ್ತಿ ಹಾಕಿಸ್ತಾರಾ ಅಂತ ಊಟ ಬಿಟ್ಟು ಕೂತ್ಬಿಟ್ರು. ಆಪರೇಷನ್ ಮೂರು ವಾರ ಮುಂದಕ್ಕೆ, ಶ್ರಾವಣಕ್ಕೆ ಹೋಯ್ತು. ಗಡ್ಡೆಗೂ ಪಂಚಾಂಗ ತೋರಿಸಿದ ಮನೆ ನಮ್ದು.

ಆಪರೇಷನ್ ಆಗಿ ಎಚ್ಚರ ಆದಾಗ ಎಡಗಿವಿ ಪೂರ್ತಿ ಬಂದ್. ಮುಖದ ಎಡಭಾಗಾನೂ ಮುಷ್ಕರ ಹೂಡಿತ್ತು. ನಕ್ಕರೆ ಅರ್ಧ, ನೀರು ಕುಡಿದ್ರೆ ಅರ್ಧ ಮೈಮೇಲೆ.

ಎಡಗಣ್ಣಂತೂ ಮುಚ್ಚೋದೇ ಇಲ್ಲ. ಹಿಂಗೇ ತೆರೆದಿದ್ರೆ ಒಣಗಿ ಕಣ್ಣೇ ಹೋಗಬಹುದು, ಹೊತ್ತೊತ್ತಿಗೆ ಡ್ರಾಪ್ಸ್ ಬಿಡಿ, ಮಲಗುವಾಗ ಟೇಪ್ ಹಾಕಿ ಅಂದ್ರು ಡಾಕ್ಟ್ರು. ಮುಖ ಸರಿಹೋಗಬಹುದು, ಹೋಗದೇನೂ ಇರಬಹುದು. ನಂಗೆ ಭಯ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಮುಖದ ನರಕ್ಕೆ ಅಂಟ್ಕೊಂಡಿದ್ದ ಗಡ್ಡೆ ಚೂರನ್ನ ಹಂಗೇ ಬಿಟ್ಟಿದ್ರು. ಅದಕ್ಕೇ ರೇಡಿಯೇಷನ್. ಕಿವಿ ಹಿಂದೆ ಅಂಗೈಯಗಲ ಕೂದಲು ಉದುರಿದ್ದು ಬೋನಸ್.

ಊರವರೆಲ್ಲಾ ಲಕ್ವ ಅಂತ ತೀರ್ಪು ಕೊಟ್ರು. ಒಬ್ಬರು ಪಾರಿವಾಳದ ರಕ್ತ ಹಚ್ಚು ಅಂದ್ರು, ಇನ್ನೊಬ್ಬರು ದೊಡ್ಡಬೆಳವಂಗಲದ ಕಡೆ ಯಾರೋ ಬೇರು ಕೊಡ್ತಾರೆ ಅಂದ್ರು. ಅಷ್ಟು ಓದಿದ ಡಾಕ್ಟ್ರಿಗೆ ಇದು ಹೊಳೀಲೇ ಇಲ್ಲ, ಪಾಪ.

ಅತ್ತೆ ಮಾತ್ರ ಏನೂ ಸಲಹೆ ಕೊಡಲಿಲ್ಲ. ಡ್ರಾಪ್ಸ್ ಬಾಟ್ಲಿ ಕಿತ್ಕೊಂಡು ನಾನೇ ಬಿಡ್ತೀನಿ ಅಂದ್ರು. ಮೊಬೈಲಲ್ಲಿ ಅಲಾರಂ ಇಡೋಕೆ ಬರಲ್ಲ ಅವರಿಗೆ, ಆದ್ರೂ ಒಂದು ಹೊತ್ತೂ ತಪ್ಪಿಸಿಲ್ಲ.

ಡ್ರಾಪ್ಸ್ ಬಿಡುವಾಗ ದಿನಾ ಅದೇ ಮಾತು. "ಆಷಾಢ ಅಂತ ನಾನು ತಡೀದೇ ಇದ್ದಿದ್ರೆ..."

ಈಗ ನನ್ನ ಘನಕಾರ್ಯ ಕೇಳಿ.

ಡಿಸ್ಚಾರ್ಜ್ ದಿನಾನೇ ನಾನು ಡಾಕ್ಟ್ರನ್ನ ಕೇಳಿದ್ದೆ. ಆ ಮೂರು ವಾರದಿಂದ ಏನೂ ಆಗಿಲ್ಲಮ್ಮ, ಮೊದ್ಲೇ ಮಾಡಿದ್ರೂ ಹಿಂಗೇ ಆಗ್ತಿತ್ತು ಅಂದಿದ್ರು. ಅತ್ತೆ ಆಗ ಔಷಧಿ ತರೋಕೆ ಕೆಳಗೆ ಹೋಗಿದ್ರು.

ನಾನು ಅವರಿಗೆ ಹೇಳಲಿಲ್ಲ. ನನ್ನ ಹಣೆಬರಹಕ್ಕೆ ಯಾರಾದ್ರೂ ಹೊಣೆ ಆಗ್ಬೇಕಿತ್ತು, ಅತ್ತೆ ತಾವಾಗೇ ಬಂದು ನಿಂತಿದ್ರು.

ಬೈಯಲಿಲ್ಲ ಕಣ್ರೀ, ಅಷ್ಟು ಕೆಟ್ಟವಳಲ್ಲ ನಾನು. "ಇರ್ಲಿ ಬಿಡಿ ಅತ್ತೆ" ಅಂತ ಒಂದು ನಿಟ್ಟುಸಿರು ಬಿಡ್ತಿದ್ದೆ ಅಷ್ಟೇ. ಬೈಗುಳಕ್ಕಿಂತ ಅದೇ ಚೆನ್ನಾಗಿ ನಾಟುತ್ತೆ.

ಹೋದ ವಾರ ಬೆಳಗ್ಗೆ ಡ್ರಾಪ್ಸ್ ಬಿಟ್ಟು, ಎಂದಿನ ಹಾಗೆ ಮುಚ್ಚು ಅಂದ್ರು. ನಾನೂ ಎಂದಿನ ಹಾಗೆ ಪ್ರಯತ್ನ ಪಟ್ಟೆ.

ಅತ್ತೆ ಕೈ ಹಂಗೇ ನಿಂತೋಯ್ತು. ರೆಪ್ಪೆ ಅರ್ಧಕ್ಕೆ ಇಳಿದಿತ್ತು.

ಕುಂಕುಮದ ಬಟ್ಲು ತಗೊಂಡು ಮಹಡಿ ಹತ್ತಿದ್ರು. ನಾನು ಹಿಂದೇನೇ ಹೋಗಿ ಮೆಟ್ಟಿಲಲ್ಲಿ ನಿಂತೆ. ಆ ಬೊಂಬೆಗೆ ಕುಂಕುಮ ಇಟ್ಟು ಕೈ ಮುಗೀತಿದಾರೆ.

"ತಪ್ಪು ಮಾಡ್ದೋಳು ನಾನು. ಇನ್ನರ್ಧಾನೂ ಮುಚ್ಚೋ ಹಂಗೆ ಮಾಡ್ಬಿಡು."

ಆಗ ಗೊತ್ತಾಯ್ತು, ರೂಮಿಗೆ ದೃಷ್ಟಿ ಆಗ್ಬಾರ್ದು ಅಂತ ಕಟ್ಟಿದ್ದಲ್ಲ ಅದು, ನನ್ನ ಮುಖ ಸರಿಹೋಗ್ಲಿ ಅಂತ ಕಟ್ಟಿದ್ದು. ಇರೋ ಒಂದು ಕಿವೀಲಿ ಇದನ್ನ ಕೇಳಿಸ್ಕೊಂಡು ಇನ್ನೊಂದು ಮೆಟ್ಟಿಲು ಹತ್ತಿದೆ.

"ಅತ್ತೆ, ಆಷಾಢದಿಂದ ಆಗಿದ್ದಲ್ಲ ಇದು. ಡಾಕ್ಟ್ರು ಅವತ್ತೇ ಹೇಳಿದ್ರು."

ತಿರುಗಿ ನೋಡಿದ್ರು. "ಅವತ್ತೇ ಗೊತ್ತಿತ್ತಾ ನಿಂಗೆ?"

ಹೂಂ ಅಂತ ತಲೆ ಆಡಿಸಿದೆ. ಸೆರಗಲ್ಲಿ ಕೈ ಒರೆಸ್ಕೊಂಡು, ನನ್ನ ಪಕ್ಕದಲ್ಲೇ ಇಳಿದು ಹೋದ್ರು. ಇನ್ಮೇಲೆ ಡ್ರಾಪ್ಸ್ ನಾನೇ ಬಿಟ್ಕೋಬೇಕು ಅಂದ್ಕೊಂಡೆ.

ಮಧ್ಯಾಹ್ನ ಟೈಮಿಗೆ ಸರಿಯಾಗಿ ಬಾಟ್ಲಿ ಹಿಡ್ಕೊಂಡು ಬಂದ್ರು. ತಲೆ ಎತ್ತು ಅಂದ್ರು, ಬಿಟ್ರು, ಹೋದ್ರು. ದಿನಾ ಹೇಳೋ ಆ ಮಾತು ಮಾತ್ರ ಇರ್ಲಿಲ್ಲ.

ಮೂರು ವಾರ ತಡ ಮಾಡಿದ್ದಕ್ಕೆ ಅವರು ಆರು ತಿಂಗಳು ನನ್ನ ಕಣ್ಣು ಕಾದ್ರು... ಆರು ತಿಂಗಳು ತಡ ಮಾಡಿದ ನಾನು ಏನ್ ಮಾಡ್ಲಿ, ನೀವೇ ಹೇಳಿ?