ಪೂರ್ತಿ ಓದಿ ಹೇಳಲಾಗಿದೆ

ನನಗೆ ಬಿಳಿ ಟೆರಿಕಾಟ್ ಅಂಗಿಯ ಹುಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಏನೇ ಕಾರಣ ಕೊಟ್ಟರೂ, ಆದ ಅನಾಹುತದ ಬುಡದಲ್ಲಿ ಇರುವುದು ಆ ಅಂಗಿಯೇ.

ನಮ್ಮದು ಕಂಪ್ಲಿ ಕಡೆ. ಕಾಲುವೆ ನೀರು ಬಂದಮೇಲೆ ಅಪ್ಪನ ಹೊಲ ಗದ್ದೆಯಾಯಿತು, ಗದ್ದೆ ವರ್ಷಕ್ಕೆ ಎರಡು ಬೆಳೆ ಕೊಟ್ಟಿತು. ಆ ಎರಡು ಬೆಳೆ ನನಗೆ ಪಿಯುಸಿ ಕೊಟ್ಟಿತು, ಟೈಪಿಂಗ್ ಕೊಟ್ಟಿತು, ಸಾಲದ್ದಕ್ಕೆ ಒಂದಿಷ್ಟು ಸೊಕ್ಕನ್ನೂ ಕೊಟ್ಟಿತು. ಬಂಡ್ರಿ, ಚೋರನೂರಿನಂಥ ಒಣಭೂಮಿಯ ಊರಿನವರನ್ನು ಕಂಡರೆ ನನಗೆ ಒಳಗೊಳಗೇ ತಾತ್ಸಾರ. ಅವರ ಜೋಳದ ಹೊಲ ಮಳೆಯ ಮುಖ ನೋಡುತ್ತಿತ್ತು, ನಮ್ಮ ಗದ್ದೆ ತೂಬಿನ ಮುಖ ನೋಡುತ್ತಿತ್ತು. ತೂಬನ್ನು ನಾನೇ ಕಟ್ಟಿಸಿದವನ ಹಾಗೆ ಓಡಾಡುತ್ತಿದ್ದೆ.

ಮೊದಲ ನೌಕರಿ ಸಂಡೂರಿನ ಗುಡ್ಡದ ಒಂದು ಗಣಿಯಲ್ಲಿ. ಕೂಲಿಯವರ ಹಾಜರಿ ಬರೆಯುವ ತಗಡಿನ ಶೆಡ್ಡಿಗೆ ಟೈಂ ಆಫೀಸು ಅನ್ನುತ್ತಿದ್ದರು. ಅಲ್ಲಿ ಮೂವತ್ತು ವರ್ಷದಿಂದ ಟೈಂ ಕೀಪರ್ ಆಗಿದ್ದ ಒಬ್ಬ ಹಿರಿಯರ ಕೈಕೆಳಗೆ ನನ್ನನ್ನು ಹಾಕಿದರು. ಗಣಿಯವರೆಲ್ಲ ಅವರನ್ನು ಯಜಮಾನ್ರು ಅನ್ನುತ್ತಿದ್ದರು. ನನ್ನನ್ನು ಅವರು ತಮ್ಮಾ ಅಂತ ಕರೆದರು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ ಇತ್ತು. ಇದನ್ನೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ಬಳಿ ಒಂದು ದಪ್ಪ ರಿಜಿಸ್ಟರ್ ಇತ್ತು. ಒಬ್ಬೊಬ್ಬ ಕೂಲಿಗೆ ಒಂದೊಂದು ಪುಟ. ಹೆಸರು, ತಂದೆಯ ಹೆಸರು, ಊರು, ಟೋಕನ್ ನಂಬರು, ಯಾವಾಗ ಸೇರಿದ, ಎಲ್ಲಿ ಕೆಲಸ, ಎದೆಯ ಎಕ್ಸ್-ರೇ ಫೋಟೋ ತೆಗೆದಾಗ ಏನು ಬಂತು, ಎಲ್ಲ ಅದರಲ್ಲಿ. ಮೊದಲ ವಾರವೇ ನಾನು ಒಂದು ತಪ್ಪು ಅಂಕಿಯನ್ನು ಬ್ಲೇಡಿನಿಂದ ಕೆರೆದು ಸರಿ ಮಾಡಿದೆ. ಯಜಮಾನರು ಬೈಯಲಿಲ್ಲ. ಬ್ಲೇಡನ್ನು ಇಸಿದುಕೊಂಡು ಕಿಟಕಿಯಾಚೆ ಎಸೆದರು. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವ ಹಾಗೆ ಇರಬೇಕು. ಪಕ್ಕದ ಅಂಕಣದಲ್ಲಿ ಯಾಕೆ ತಿದ್ದಿದ್ದು, ಯಾರು ತಿದ್ದಿದ್ದು ಅಂತ ಬರೆದು ಸಹಿ ಹಾಕಬೇಕು ಎಂದು ತೋರಿಸಿಕೊಟ್ಟರು. ಅವರ ಪುಸ್ತಕದಲ್ಲಿ ತಪ್ಪಿಗೂ ಒಂದು ಜಾಗ ಇತ್ತು.

ಇನ್ನೊಂದು ಪದ್ಧತಿ ನನಗೆ ಭಾರಿ ಬೇಸರದ್ದು. ಯಾವ ಕೂಲಿಯಾದರೂ ಬಂದು ನನ್ನ ಪುಟ ಓದಿ ಹೇಳ್ರಿ ಅಂದರೆ, ಇದ್ದ ಕೆಲಸ ಬಿಟ್ಟು ಓದಿ ಹೇಳಬೇಕಿತ್ತು. ಬಹಳ ಮಂದಿಗೆ ಓದು ಬರುತ್ತಿರಲಿಲ್ಲ. ಓದಿ ಮುಗಿದ ಮೇಲೆ ‘ಪೂರ್ತಿ ಓದಿ ಹೇಳಲಾಗಿದೆ’ ಎಂದು ಬರೆದು, ಅವನ ಹೆಬ್ಬೆಟ್ಟು ಒತ್ತಿಸಿ, ಓದಿದವನು ಸಹಿ ಹಾಕಬೇಕು. ಒಮ್ಮೆ ನಾನು ಅರ್ಧ ಓದಿ ಹೆಬ್ಬೆಟ್ಟಿಗೆ ಶಾಯಿ ಮುಂದೆ ಮಾಡಿದ್ದನ್ನು ನೋಡಿ ಯಜಮಾನರು ಆ ಕೂಲಿಯನ್ನು ತಿರುಗಿ ಕೂರಿಸಿದರು.

“ತಮ್ಮಾ, ಪುಸ್ತಕ ಕಂಪನೀದು, ಒಳಗಿರೋದು ಅವಂದು. ನಾವು ನಡುವ ಕಾಯೋ ಮಂದಿ. ಒಂದು ಅಂಕಣನೂ ಬಿಡಬ್ಯಾಡ.”

ಕಾಯುವುದೇನು ಬಂತು, ಇದೇನು ಊರದೇವರ ಒಡವೆಯೇ ಅಂತ ನಾನು ಮನಸ್ಸಿನಲ್ಲೇ ನಕ್ಕೆ.

ಆರು ತಿಂಗಳ ಮೇಲೆ ನನ್ನನ್ನು ಹೊಸಪೇಟೆಯ ಮುಖ್ಯ ಆಫೀಸಿಗೆ ಕರೆಸಿಕೊಂಡರು. ಅಲ್ಲಿಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಬೇರೆ ಕೋಣೆ, ಬಾಗಿಲಿಗೆ ಪರದೆ, ಹೊರಗೆ ಚಪ್ಪಲಿ ಬಿಡಬೇಕು. ಹುಬ್ಬಳ್ಳಿಯಲ್ಲಿ ಮೂರು ವಾರ ಕಲಿತು ಬಂದ ನಾನೇ ಅದರ ಪೂಜಾರಿ. ಪಗಾರದ ಪಟ್ಟಿ ಮೊದಲಿನಂತೆ ಗಣಿಯಲ್ಲೇ ಕೈಬರಹದಲ್ಲಿ ಇರಲಿ, ಕೂಲಿಯವರ ವಿವರ ಮತ್ತು ಎದೆಯ ಫೋಟೋದ ವರದಿ ಮಾತ್ರ ಕಂಪ್ಯೂಟರಿಗೆ ಹೋಗಲಿ ಅಂತ ಮ್ಯಾನೇಜರು ಹೇಳಿದರು. ಯಾರಿಗೆ ದೂಳು ಎದೆಗೆ ಇಳಿದಿದೆ, ಯಾರನ್ನು ಅದಿರು ಒಡೆಯುವ ಕ್ರಷರಿನಿಂದ ತೆಗೆದು ಬೇರೆ ಕಡೆ ಹಾಕಬೇಕು, ಮುಂದಿನ ಸಲ ಯಾರಿಗೆ ಫೋಟೋ ತೆಗೆಸಬೇಕು, ಆ ಪತ್ರಗಳೆಲ್ಲ ಇನ್ನು ಕಂಪ್ಯೂಟರಿನಿಂದಲೇ ಹೊರಡಬೇಕು.

ಯಜಮಾನರ ರಿಜಿಸ್ಟರಿನ ನಕಲು ಇಟ್ಟುಕೊಂಡು ಹೆಸರುಗಳನ್ನು ಬಡಿಯುತ್ತ ಹೋದೆ. ನಮ್ಮ ಕಡೆ ಒಂದು ರೂಢಿ ಇದೆ. ಮನೆದೇವರ ಮೇಲೆ ಭಕ್ತಿ ಹೆಚ್ಚಾದರೆ ಹುಟ್ಟಿದ ಗಂಡುಮಕ್ಕಳಿಗೆಲ್ಲ ಆ ದೇವರ ಹೆಸರನ್ನೇ ಇಡುತ್ತಾರೆ. ಮೊದಲನೆಯವನು ದೊಡ್ಡ, ಕೊನೆಯವನು ಸಣ್ಣ, ನಡುವೆ ಹುಟ್ಟಿದವನು ನಡುವಿನವನು. ಯಜಮಾನರು ಪ್ರತಿ ಹೆಸರಿನ ಹಿಂದೆ ಅದನ್ನು ತಪ್ಪದೆ ಬರೆದಿದ್ದರು. ಕಂಪ್ಯೂಟರಿನಲ್ಲಿ ಹೆಸರಿಗೆ ಇದ್ದ ಜಾಗ ಸ್ವಲ್ಪ. ದೊಡ್ಡ, ಸಣ್ಣ ಎಲ್ಲ ಮನೆಯಲ್ಲಿ ಕರೆಯುವ ಮಾತು, ಆಫೀಸಿನ ಮಾತಲ್ಲ ಅಂತ ನಾನು ಅವನ್ನು ಬಿಟ್ಟು ಬಡಿದೆ. ಯಾರನ್ನೂ ಕೇಳಲಿಲ್ಲ.

ಎಲ್ಲ ಮುಗಿದಾಗ ಕಂಪ್ಯೂಟರು ಒಂದು ಪಟ್ಟಿ ಹೊರಹಾಕಿತು. ಹೆಸರು, ತಂದೆ, ಊರು ಮೂರೂ ಒಂದೇ ಆಗಿರುವ ಜೋಡಿಗಳು, ಇವನ್ನು ಒಮ್ಮೆ ನೋಡಿ ಅಂತ. ಅದರಲ್ಲಿ ಬಂಡ್ರಿಯ ಒಂದು ಜೋಡಿ. ಟೋಕನ್ ನಂಬರು ಮಾತ್ರ ಬೇರೆ. ಬಿತ್ತನೆಗೆ ಊರಿಗೆ ಹೋಗಿ ತಿರುಗಿ ಬಂದವರಿಗೆ ಹೊಸ ಟೋಕನ್ ಕೊಡುವುದು ಗಣಿಯಲ್ಲಿ ಮಾಮೂಲು. ಇವನೂ ಹಾಗೆ ಬಂದ ಒಬ್ಬನೇ ಇರಬೇಕು ಅಂದುಕೊಂಡೆ. ಗಣಿಗೆ ಹೋಗಿ ಯಜಮಾನರನ್ನು ಕೇಳಿದ್ದರೆ ಅರ್ಧ ನಿಮಿಷದ ಮಾತು. ಆದರೆ ಹೋಗಬೇಕೆಂದರೆ ಸಂಡೂರಿಗೆ ಬಸ್ಸು, ಅಲ್ಲಿಂದ ಅದಿರಿನ ಲಾರಿ. ಹತ್ತಿ ಇಳಿಯುವಷ್ಟರಲ್ಲಿ ಮೈಯೆಲ್ಲ ಕೆಂಪು. ಅವತ್ತು ನಾನು ಹೊಸ ಅಂಗಿ ಹಾಕಿದ್ದೆ. ಒಂದು ಗುಂಡಿ ಒತ್ತಿ ಎರಡು ದಾಖಲೆಯನ್ನು ಒಂದು ಮಾಡಿದೆ. ಆಮೇಲೆ ಕಾಲುವೆ ದಂಡೆಯ ಹೋಟೆಲಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆ. ಕೆಲಸ ಮುಗಿಸಿದೆ ಅಂತ ಖುಷಿಯೇ ಆಗಿತ್ತು.

ಇದರಲ್ಲಿ ನನಗೆ ಇಂದಿಗೂ ಮುಖ ಎತ್ತಲಾಗದ ಸಂಗತಿ ಬೇರೆಯದು. ನನಗೆ ಆ ರೂಢಿ ಗೊತ್ತಿರಲಿಲ್ಲ ಅಂತಲ್ಲ. ನಮ್ಮಪ್ಪನೇ ಸಣ್ಣ. ದೊಡ್ಡಪ್ಪನದೂ ಅದೇ ಹೆಸರು, ಹಿಂದೆ ದೊಡ್ಡ. ಅಂಚೆಯವನು ಸಹ ಅವರಿಬ್ಬರ ಕಾಗದ ಎಂದೂ ಅದಲುಬದಲು ಮಾಡಿರಲಿಲ್ಲ.

ಒಂದು ವರ್ಷದ ಮೇಲೆ ಯಜಮಾನರು ಹೊಸಪೇಟೆಗೆ ಬಂದರು. ಆ ರಿಜಿಸ್ಟರ್ ಶೆಡ್ಡು ಬಿಟ್ಟು ಹೊರಗೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಂಚೆಯ ತುಂಡಿನಲ್ಲಿ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದರು. ಅವರ ಹಿಂದೆ ಒಬ್ಬ ಬಡಕಲು ಮನುಷ್ಯ. ಪರದೆಯ ಹೊರಗೆ ಚಪ್ಪಲಿ ಬಿಟ್ಟು, ಗೋಡೆ ಹಿಡಿದು ನಿಂತು ಕೆಮ್ಮಿದ. ಒಳಗೆ ಬರಲು ಹೇಳಿದರೆ, ನೆಲ ಕೆಂಪಗಾಗತೈತ್ರಿ ಅಂದ.

ಅವನು ಬಂಡ್ರಿಯ ಸಣ್ಣ. ಕ್ರಷರಿನ ಬಾಯಲ್ಲಿ ಕೆಲಸ. ಎಲ್ಲರಿಗೂ ಎದೆ ಫೋಟೋದ ಪತ್ರ ಬಂತು, ನನಗೆ ಯಾಕೆ ಬರಲಿಲ್ಲ ಅಂತ ಯಜಮಾನರನ್ನು ಕೇಳಿದ್ದನಂತೆ. ಅವನ ಅಣ್ಣ, ದೊಡ್ಡ, ಲಾರಿ ತುಂಬುವ ಕಡೆ ಇದ್ದ. ಕಳೆದ ಸಲ ಮೊದಲ ದಿನ ತಮ್ಮನ ಫೋಟೋ, ಮರುದಿನ ಅಣ್ಣನದು. ಇಬ್ಬರ ವರದಿಯೂ ಅಂಚೆಯಲ್ಲಿ ನನ್ನ ಹತ್ತಿರವೇ ಬಂದಿತ್ತು. ತಮ್ಮನ ಎದೆಯಲ್ಲಿ ದೂಳು ಕೂತಿದೆ, ಕೂಡಲೇ ದೂಳಿನಿಂದ ತೆಗೆಯಿರಿ ಅಂತ ಒಂದರಲ್ಲಿ. ಅಣ್ಣನ ಎದೆ ಸರಿಯಿದೆ ಅಂತ ಇನ್ನೊಂದರಲ್ಲಿ. ನಾನು ಎರಡನ್ನೂ ಒಂದು ಮಾಡಿದ್ದ ಆ ದಾಖಲೆಗೇ ಬಡಿದೆ. ಮೊದಲನೆಯದನ್ನು ಎರಡನೆಯದು ಅಳಿಸಿಹಾಕಿತು. ಗೆರೆ ಇಲ್ಲ, ಸಹಿ ಇಲ್ಲ, ಅಂಕಣ ಇಲ್ಲ. ಪತ್ರ ಹೋಗಲೇ ಇಲ್ಲ. ಆ ಒಂದು ವರ್ಷವೂ ಅವನು ಅದೇ ದೂಳನ್ನು ಕುಡಿದ.

ಯಜಮಾನರು ಎರಡು ಪುಟ ತೆರೆದು ನನ್ನ ಮುಂದೆ ಇಟ್ಟರು. ಒಂದರಲ್ಲಿ ದೊಡ್ಡ, ಇನ್ನೊಂದರಲ್ಲಿ ಸಣ್ಣ. ಕಣ್ಣಿಲ್ಲದವನೂ ಸವರಿ ಓದಬಹುದಾದಂಥ ಅಕ್ಷರ. ಅಷ್ಟರಲ್ಲಿ ಮ್ಯಾನೇಜರು ಬಂದು ಏನು ಗದ್ದಲ ಅಂತ ಕೇಳಿದರು. ವಿಷಯ ತಿಳಿದ ಮೇಲೆ ನನ್ನ ಕಡೆ ತಿರುಗಿ, ಇದು ಹೇಗಾಯಿತು ಅಂದರು.

“ಪುಸ್ತಕದಾಗ ಅಕ್ಷರ ಸ್ಪಷ್ಟ ಇರಲಿಲ್ರಿ ಸರ.”

ಇದನ್ನು ಹೇಳಿದ್ದು ನಾನು. ನಾಲಗೆ ತಡವರಿಸಲೂ ಇಲ್ಲ. ಮ್ಯಾನೇಜರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅವರು ಪುಟದ ಮೇಲೆ ಕಣ್ಣಾಡಿಸಿ ತಲೆಯಾಡಿಸಿದರು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಈಗ ಬೈಯುತ್ತಾರೆ, ಈಗ ಬಾಯಿ ಬಿಡುತ್ತಾರೆ ಅಂತ ಕಾದೆ. ಬಾಯಿ ಬಿಡಲಿ ಅಂತಲೇ ಬೇಡಿಕೊಂಡೆನೇನೋ. ಅವರು ಪೆನ್ನಿನ ಟೊಪ್ಪಿಗೆ ತೆಗೆದು, ಸಣ್ಣನ ಪುಟದಲ್ಲಿ ತಿದ್ದುಪಡಿಯ ಅಂಕಣಕ್ಕೆ ಬೆರಳಿಟ್ಟು ತೋರಿಸಿದರು.

“ಈಗ ಏನು ಹೇಳಿದ್ರಿ, ಅದನ್ನಽ ಬರೀರಿ. ಸಹಿ ಹಾಕ್ರಿ ಸರ.”

ತಮ್ಮಾ ಅನ್ನುತ್ತಿದ್ದವರು ಸರ ಅಂದರು. ನಾನು ಬರೆದೆ. ‘ಮೂಲ ಬರಹ ಸ್ಪಷ್ಟವಿಲ್ಲದ ಕಾರಣ ವರದಿ ಬೇರೊಬ್ಬರ ದಾಖಲೆಗೆ ಸೇರಿತ್ತು.’ ಕೆಳಗೆ ಸಹಿ. ಮುತ್ತಿನಂಥ ಸಾಲುಗಳ ನಡುವೆ ನನ್ನ ಕಾಗೆಕಾಲಿನ ಅಕ್ಷರ. ಯಾರದು ಸ್ಪಷ್ಟ, ಯಾರದು ಅಸ್ಪಷ್ಟ ಅಂತ ಪುಟ ತಾನೇ ಹೇಳುತ್ತಿತ್ತು. ಆದರೆ ಅದನ್ನು ನೋಡುವವರು ಯಾರೂ ಇರಲಿಲ್ಲ.

ಯಜಮಾನರಿಗೆ ಒಂದು ಮೆಮೊ ಹೋಯಿತು. ಮೂವತ್ತು ವರ್ಷದಲ್ಲಿ ಅದೇ ಮೊದಲನೆಯದು. ಇನ್ನು ಮುಂದೆ ಬರಹ ಸ್ಪಷ್ಟವಾಗಿರಬೇಕು ಅಂತ ಅದರಲ್ಲಿ ಇತ್ತು. ಟೈಪು ಮಾಡಿದವನು ನಾನೇ. ಟೈಪಿಸ್ಟ್ ರಜೆಯ ಮೇಲಿದ್ದ. ಎಂಟು ತಿಂಗಳಿಗೆ ಅವರು ನಿವೃತ್ತರಾದರು. ಹಾರ ಹಾಕುವ ದಿನ ನಾನು ಜ್ವರ ಅಂತ ಹೇಳಿ ಮನೆಯಲ್ಲಿ ಉಳಿದೆ. ಮತ್ತೆ ಮೂರು ವರ್ಷಕ್ಕೆ ತೀರಿಕೊಂಡರು ಅಂತ ಕೇಳಿದೆ. ಅಷ್ಟರೊಳಗೆ ಒಂದು ಸಲವಾದರೂ ಅವರ ಮನೆಗೆ ಹೋಗಬಹುದಿತ್ತು. ಬಸ್ಸು ದಿನಾ ಇತ್ತು.

ಸಣ್ಣನನ್ನು ಕ್ರಷರಿನಿಂದ ತೆಗೆದು ಹೊಸಪೇಟೆ ಆಫೀಸಿನ ಗೇಟಿಗೆ ಹಾಕಿದರು. ಹೀಗಾಗಿ ದಿನಾ ಬೆಳಗ್ಗೆ ಅವನ ಮುಖ ನೋಡಿಯೇ ನಾನು ಒಳಗೆ ಹೋಗಬೇಕಿತ್ತು. ಗೇಟು ತೆರೆಯುವ ಅಷ್ಟು ಕೆಲಸಕ್ಕೆ ಅವನಿಗೆ ಉಸಿರು ಹತ್ತುತ್ತಿತ್ತು. ಆದರೂ ನನ್ನ ಸೈಕಲ್ ಕಂಡರೆ ಎದ್ದು ನಿಲ್ಲುತ್ತಿದ್ದ. ಎರಡು ಸಲ ಹಿಂದಿನ ಬಾಗಿಲಿನಿಂದ ಹೋದೆ. ಮೂರನೆಯ ದಿನ, ಯಾಕ್ರೀ ಸರ, ಆರಾಮ ಇಲ್ಲೇನ್ರಿ ಅಂತ ಅವನೇ ಬಂದು ಕೇಳಿದ.

ನಾನು ಮೇಲೇರಿದೆ. ದಾಖಲೆ ವಿಭಾಗ ಪೂರ್ತಿ ನನ್ನ ಕೈಗೆ ಬಂತು. ಹೊಸದಾಗಿ ಬಂದ ಗುಮಾಸ್ತರಿಗೆ ಪಾಠ ಹೇಳುವ ಕೆಲಸವೂ ನನ್ನದೇ. ಕೇಳದೆ ಒಂದು ಮಾಡಬೇಡಿ. ಅಳಿಸಬೇಡಿ. ಯಾರು ಬರೆದರು, ಯಾರು ಬದಲಿಸಿದರು, ಯಾಕೆ ಅನ್ನುವುದು ಉಳಿಯಬೇಕು. ವಿವರ ಆ ಮನುಷ್ಯನದು, ನಾವು ಕಾಯುವವರು. ಇವನ್ನೆಲ್ಲ ಟೈಪು ಮಾಡಿಸಿ, ಕೆಳಗೆ ನನ್ನ ಸಹಿ ಹಾಕಿ, ಕಂಪ್ಯೂಟರ್ ಕೋಣೆಯ ಗೋಡೆಗೆ ಅಂಟಿಸಿದೆ. ಹೊರಗಿನಿಂದ ಬಂದ ಅಧಿಕಾರಿಗಳು ಅದನ್ನು ಓದಿ ನನ್ನ ಬೆನ್ನು ತಟ್ಟಿದರು. ಯಜಮಾನರ ಹೆಸರನ್ನು ನಾನು ಎತ್ತಲಿಲ್ಲ.

ಸಣ್ಣ ನೌಕರಿ ಬಿಡುವ ದಿನ ಬಂದಾಗ ಗಣಿಯ ಹಳೆಯ ರಿಜಿಸ್ಟರುಗಳೆಲ್ಲ ನನ್ನ ಕೋಣೆಯ ಬೀರುವಿನಲ್ಲಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಅವನು ಬಂದ. ಚಪ್ಪಲಿ ಹೊರಗೆ ಬಿಟ್ಟ. ಕುಂದ್ರು ಅಂದರೆ ಕುರ್ಚಿಯ ತುದಿಯಲ್ಲಿ ಕೂತ. ನಾಳೆ ಬಂಡ್ರಿಗೆ ಹೋಗುತ್ತೇನೆ, ಹೋಗುವ ಮುಂಚೆ ನನ್ನ ಪುಟ ಒಮ್ಮೆ ಕೇಳಬೇಕು ಅಂದ. ಯಜಮಾನರ ಕಾಲದಲ್ಲಿ ಎರಡು ಸಲ ಕೇಳಿದ್ದೆ, ಆಮೇಲೆ ಯಾರನ್ನು ಕೇಳುವುದು ಅಂತ ಬಿಟ್ಟಿದ್ದೆ ಅಂದ.

ಪುಸ್ತಕ ತೆಗೆದೆ. ಹೆಸರು ಓದಿದೆ, ಹಿಂದಿನ ಸಣ್ಣ ಅನ್ನುವುದನ್ನೂ ಸೇರಿಸಿ. ತಂದೆಯ ಹೆಸರು, ಊರು, ಟೋಕನ್, ಸೇರಿದ್ದು, ಕ್ರಷರು, ಎದೆಯ ಫೋಟೋ. ಅವನು ಕಣ್ಣು ಮುಚ್ಚಿ ಒಂದೊಂದಕ್ಕೂ ಹೂಂ ಅನ್ನುತ್ತಿದ್ದ. ನನ್ನ ಬೆರಳು ತಿದ್ದುಪಡಿಯ ಅಂಕಣಕ್ಕೆ ಬಂತು. ಈಗ ಹೇಳಿಬಿಡುತ್ತೇನೆ ಅಂತ ನಿಜವಾಗಿ ಅಂದುಕೊಂಡೆ. ಬರೆದದ್ದನ್ನು ಓದಿ, ಇದು ಸುಳ್ಳು, ತಪ್ಪು ನನ್ನದು ಅಂತ ಹೇಳಿ, ಗೆರೆ ಎಳೆದು ತಿದ್ದಿಬಿಡುತ್ತೇನೆ ಅಂತ. ಓದು ನಿಂತದ್ದಕ್ಕೆ ಅವನು ಕಣ್ಣು ಬಿಟ್ಟ.

“ಯಜಮಾನ್ರು ಸರಿ ಬರೀಲಿಲ್ಲ ಅಂತ ಆವಾಗ ಅಂದ್ರು ನೋಡ್ರಿ. ನಾ ಏನೂ ಮನಸಿನ್ಯಾಗ ಇಟಗೊಂಡಿಲ್ರಿ. ವಯಸ್ಸಾಗಿತ್ತು, ಪಾಪ.”

ನಾನು ಮುಂದಿನ ಅಂಕಣಕ್ಕೆ ಹೋದೆ. ಗೇಟಿನ ಕೆಲಸಕ್ಕೆ ಬದಲಿ ಅಂತ ಓದಿದೆ.

“ಪೂರ್ತಿ ಆತೇನ್ರಿ ಸರ?”

“ಆತು,” ಅಂದೆ.

ಅವನು ಹೆಬ್ಬೆಟ್ಟನ್ನು ತಾನೇ ಶಾಯಿಗೆ ಅದ್ದಿ ಮುಂದೆ ಚಾಚಿದ. ಅದಿರಿನ ಕೆಂಪು ಇನ್ನೂ ಉಗುರಿನ ಸಂದಿಯಲ್ಲಿತ್ತು. ‘ಪೂರ್ತಿ ಓದಿ ಹೇಳಲಾಗಿದೆ’ ಎಂದು ಬರೆದೆ, ಒತ್ತಿಸಿಕೊಂಡೆ, ಪಕ್ಕದಲ್ಲಿ ಸಹಿ ಹಾಕಿದೆ. ಆ ಪುಟದಲ್ಲಿ ನನ್ನ ಸಹಿ ಎರಡು ಕಡೆ ಇದೆ.